ಕ್ವೀನ್ ಡಬ್ಬದಲ್ಲೇ ಇರಲಿ: ಎಂಡ್‌ಗೇಮ್‌ನಿಂದ ಶುರು ಮಾಡಿದ ನನ್ನ ಅನುಭವ

ನನ್ನ ಚೆಸ್ ಕ್ಲಾಸಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ಮೊದಲ ಮೂರು ನಾಲ್ಕು ತಿಂಗಳು ನಾನು ಓಪನಿಂಗ್, ಅಂದರೆ ಆಟದ ಶುರುವಿನ ನಡೆಗಳನ್ನು, ಹೇಳಿಕೊಡುವುದಿಲ್ಲ. ಬೋರ್ಡ್ ಮೇಲೆ ಎರಡು ಕಿಂಗ್, ಒಂದಷ್ಟು ಪಾನ್, ಅಷ್ಟೇ. ಆಮೇಲೆ ರೂಕ್ ಬರುತ್ತದೆ. ಕ್ವೀನ್ ಡಬ್ಬದಲ್ಲೇ ಇರುತ್ತದೆ, ಪಾನ್ ಕೊನೇ ಮನೆ ಮುಟ್ಟಿದರೆ ಮಾತ್ರ ಹೊರಗೆ. ಇದನ್ನು ಶುರು ಮಾಡಿದಾಗ ಶಿವಮೊಗ್ಗ ಕಡೆಯ ಇಬ್ಬರು ಮೂವರು ಕೋಚ್‌ಗಳು ನಕ್ಕಿದ್ದರು. "ಮಕ್ಕಳು ಓಡಿಹೋಗ್ತಾರೆ ಸರ್" ಅಂದರು. ಹೌದು, ಸುಮಾರು ಅರ್ಧ ಮಕ್ಕಳು ಓಡಿಯೇ ಹೋದರು. ಆದರೆ ಉಳಿದವರಲ್ಲಿ ನಾಲ್ಕೈದು ಜನ ಈ ವರ್ಷ ರೇಟಿಂಗ್ (ಆಟಗಾರರ ಮಟ್ಟ ತೋರಿಸುವ ಅಂತಾರಾಷ್ಟ್ರೀಯ ಅಂಕ) ತಂದಿದ್ದಾರೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಐಡಿಯಾ ನನ್ನದೇನಲ್ಲ. ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಆಟದ ಕೊನೆಯ ಹಂತ) ಮೊದಲು ಕಲಿಯಿರಿ ಅಂತ ಹಿಂದಿನ ವಿಶ್ವ ಚಾಂಪಿಯನ್ ಕಪಾಬ್ಲಾಂಕ ನೂರು ವರ್ಷದ ಹಿಂದೆಯೇ ಹೇಳಿ ಹೋಗಿದ್ದಾರೆ. ನಾವೆಲ್ಲ ತಲೆಯಾಡಿಸುತ್ತೇವೆ, ಆಮೇಲೆ ಕ್ಲಾಸಿಗೆ ಹೋಗಿ ಇಟಾಲಿಯನ್ ಅನ್ನುವ ಓಪನಿಂಗ್ ಹೇಳಿಕೊಡುತ್ತೇವೆ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ. ಯಾಕೆ ಅಂದರೆ ಅಂಡರ್ 9 ಲೋಕಲ್ ಟೂರ್ನಮೆಂಟ್‌ನಲ್ಲಿ ಟ್ರೋಫಿ ಬರುವುದು ನಾಲ್ಕು ನಡೆ ಮೇಟ್‌ನಿಂದಲೇ. ಟ್ರೋಫಿ ಬಂದರೆ ಫೋಟೋ, ಫೋಟೋ ಬಂದರೆ ಅಡ್ಮಿಷನ್. ಆದರೆ ಮಗು ಅಂಡರ್ 11ಕ್ಕೆ ಬಂದಾಗ ಎದುರಿನವರು ತಣ್ಣಗೆ ಪಾನನ್ನು ಜಿ6 ಮನೆಗೆ ಇಟ್ಟು ಆ ಮೇಟ್ ತಡೆಯುತ್ತಾರೆ, ಕ್ವೀನ್ ಅಲ್ಲಿ ಇಲ್ಲಿ ಓಡಾಡಿ ಸುಸ್ತಾಗುತ್ತದೆ. ಎರಡು ಪೀಸ್ ಜಾಸ್ತಿ ಇದ್ದೂ ಸ್ಟೇಲ್‌ಮೇಟ್ (ಚೆಕ್ ಇಲ್ಲದೆ ಎದುರಿನವರಿಗೆ ನಡೆಯೇ ಉಳಿಯದೆ ಆಗುವ ಡ್ರಾ) ಮಾಡಿಕೊಂಡು ಅಳುತ್ತಾ ಹೊರಗೆ ಬಂದ ಮಕ್ಕಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಮಧ್ಯೆ ಒಂದಷ್ಟು ಕಾಲ ಪಜಲ್ ದಾರಿ ಹಿಡಿದೆ. ದಿನಕ್ಕೆ ಮೂವತ್ತು ನಲವತ್ತು ಪಜಲ್, ಪ್ರಿಂಟ್‌ಔಟ್‌ಗೇ ತಿಂಗಳಿಗೆ ಏಳೆಂಟು ನೂರು. ಮಕ್ಕಳು ಫೋರ್ಕ್, ಪಿನ್ ಅನ್ನುವ ತಂತ್ರಗಳನ್ನೆಲ್ಲ ಕಣ್ಣುಮುಚ್ಚಿ ಹೇಳುತ್ತಿದ್ದರು. ಗೇಮ್‌ನಲ್ಲಿ ಮಾತ್ರ ಸೊನ್ನೆ. ಪೇಪರ್ ಮೇಲೆ ಪಜಲ್ ಇದೆ ಅಂದರೆ ಅಲ್ಲಿ ಏನೋ ಇದೆ ಅಂತ ಮೊದಲೇ ಗೊತ್ತಿರುತ್ತೆ ಅಲ್ವಾ? ಬೋರ್ಡ್ ಮೇಲೆ ಯಾರೂ ಬಂದು ಹೇಳುವುದಿಲ್ಲ. ಆಗ ಒಂದು ಪ್ರಯೋಗ ಮಾಡಿದೆ: ಶೀಟ್‌ನಲ್ಲಿ ಏನೂ ಇಲ್ಲದ ಪೊಸಿಷನ್‌ಗಳನ್ನು ಸೇರಿಸಿದೆ. ಸರಿಯುತ್ತರ "ಏನೂ ಇಲ್ಲ, ಕಿಂಗ್ ಸೇಫ್ ಮಾಡ್ಕೋ" ಅಂತ. ಮಕ್ಕಳು ಎಷ್ಟು ರೇಗಿದರು ಅಂದರೆ ಒಬ್ಬ ಶೀಟನ್ನೇ ಹರಿದು ಹಾಕಿದ. ಇದು ಈಗಲೂ ನಡೆಯುತ್ತಿದೆ, ಒಳ್ಳೆಯ ಫಲ ಕೊಡುತ್ತಿದೆ. ಹತ್ತರಲ್ಲಿ ಎಷ್ಟು ಖಾಲಿ ಇಡುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಸ್ಟೂಡೆಂಟ್‌ಗಳ ಅಪ್ಪಂದಿರೂ ಓದುತ್ತಾರೆ.

ಈಗಿನ ಕ್ರಮ ಹೀಗೆ. ಮೊದಲು ಎಂಟು ಪಾನ್ ಎದುರು ಎಂಟು ಪಾನ್, ಎರಡು ಕಿಂಗ್. ಮೊದಲು ಕ್ವೀನ್ ಮಾಡಿದವರು ಗೆದ್ದ ಹಾಗೆ. ಆಮೇಲೆ ಒಂದೇ ಪಾನ್. ನಾನು ಪಾನ್ ಕಡೆ, ಮಗು ಬರೀ ಕಿಂಗ್. ಡ್ರಾ ಮಾಡಿಕೊಳ್ಳುವವರೆಗೆ ಬಿಡುವುದಿಲ್ಲ. ಎರಡು ಕಿಂಗ್ ನಡುವೆ ಒಂದು ಮನೆ ಬಿಟ್ಟು ಎದುರುಬದುರು ನಿಲ್ಲುವುದಕ್ಕಿರುವ ಅಪೊಸಿಶನ್ ಅನ್ನುವ ಹೆಸರನ್ನು ಎರಡನೇ ತಿಂಗಳವರೆಗೆ ಹೇಳುವುದೇ ಇಲ್ಲ. ಅವರೇ ಕಂಡುಕೊಳ್ಳಬೇಕು. ಆಮೇಲೆ ಫಿಲಿಡಾರ್, ಲುಸೇನಾ ಅನ್ನುವ ರೂಕ್ ಪೊಸಿಷನ್‌ಗಳು. ರಿಚರ್ಡ್ ರೇಟಿ 1921ರಲ್ಲಿ ರಚಿಸಿದ ಸ್ಟಡಿ (ಕಲಿಯಲೆಂದೇ ಕಟ್ಟಿದ ಪೊಸಿಷನ್) ತೋರಿಸಿದ ದಿನ ಮಾತ್ರ ಕ್ಲಾಸ್ ಹಬ್ಬದ ಹಾಗಿರುತ್ತದೆ. ಬಿಳಿ ಕಿಂಗ್ ಎಚ್8ರಲ್ಲಿ ನಿಂತು, ಎದುರಿನ ಪಾನ್ ಹಿಡಿಯಲು ಎರಡು ಮನೆ ಹಿಂದೆ ಬಿದ್ದೂ, ಓರೆಯಾಗಿ ನಡೆದು ಡ್ರಾ ಮಾಡಿಕೊಳ್ಳುತ್ತದೆ ಅಂದರೆ ಯಾರೂ ನಂಬುವುದಿಲ್ಲ. ನಂಬದೇ ಇರುವವರಿಗೆ ಕಪ್ಪು ಕೊಟ್ಟು ಕೂರಿಸುತ್ತೇನೆ. ಯಾವುದಾದ ಮೇಲೆ ಯಾವ ಪೊಸಿಷನ್ ಅನ್ನುವುದರಲ್ಲೇ ಅರ್ಧ ಕೆಲಸ ಇದೆ, ಆ ಪಟ್ಟಿ ನನ್ನ ನೋಟ್‌ಬುಕ್‌ನಲ್ಲೇ ಇರಲಿ.

ಪೇರೆಂಟ್ಸ್‌ನ ಒಪ್ಪಿಸುವುದು ಬೇರೆಯೇ ಆಟ. ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು, ನಮ್ಮ ಶಿವಮೊಗ್ಗದ ಸ್ಟ್ಯಾನಿ ಕೂಡ ಆದರು. ಅಲ್ಲಿಂದ "ನಮ್ಮವನು ಯಾವಾಗ ಸರ್?" ಅನ್ನುವ ಪ್ರಶ್ನೆ ಶುರು. ಫೀಸ್ ತಿಂಗಳಿಗೆ ಎಂಟುನೂರು ಇತ್ತು. ಇಪ್ಪತ್ತೆರಡು ಮಕ್ಕಳಿದ್ದ ಬ್ಯಾಚ್ ಹತ್ತು ಹನ್ನೊಂದಕ್ಕೆ ಇಳಿಯಿತು. ಹಾಲ್ ಬಾಡಿಗೆ ಮಾತ್ರ ಇಳಿಯಲಿಲ್ಲ. ಅದೇ ಹೊತ್ತಿಗೆ ಡಿಜಿಟಲ್ ಕ್ಲಾಕ್ ನಾಲ್ಕು ತಗೊಂಡಿದ್ದೆ, ಒಂದಕ್ಕೆ ಮೂರು ಸಾವಿರದ ಆಸುಪಾಸು. ಆರೇಳು ತಿಂಗಳು ಕೈಯಿಂದಲೇ ಹಾಕಿದೆ. ಮನೆಯಲ್ಲಿ ಏನು ಕೇಳಿಸಿಕೊಂಡೆ ಅಂತ ಬೇಡ ಬಿಡಿ.

ಮಾತು ಬದಲಾಗಿದ್ದು 2024ರ ಡಿಸೆಂಬರ್ 12ರಂದು. ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಹದಿನಾಲ್ಕನೇ ಗೇಮ್. ಆಗಿನ ಚಾಂಪಿಯನ್ ಡಿಂಗ್ ಲಿರೆನ್ ತಪ್ಪಿ ರೂಕನ್ನು ಎಫ್2ಕ್ಕೆ ಇಟ್ಟರು. ಗುಕೇಶ್ ರೂಕ್ ಹೊಡೆದು ಬಿಷಪ್ಪನ್ನೂ ಎಕ್ಸ್‌ಚೇಂಜ್ ಮಾಡಿಸಿದರು. ಉಳಿದಿದ್ದು ಕಿಂಗ್, ಎರಡು ಪಾನ್ ಎದುರು ಒಂದು. ವಿಶ್ವ ಚಾಂಪಿಯನ್‌ಶಿಪ್ ತೀರ್ಮಾನ ಆಗಿದ್ದು ನನ್ನ ಕ್ಲಾಸಿನ ಮೊದಲ ತಿಂಗಳ ಪಾಠದಲ್ಲಿ! ಮರುದಿನ ಆ ಪೊಸಿಷನ್ ಡೆಮೊ ಬೋರ್ಡ್ ಮೇಲೆ ಜೋಡಿಸಿ ಪೇರೆಂಟ್ಸ್‌ನ ಒಳಗೆ ಕರೆದೆ. ಬಿಟ್ಟುಹೋದವರಲ್ಲಿ ಮೂವರು ವಾಪಸ್ ಬಂದರು.

ಅಡ್ಡಿಗಳು ಆಗಲೂ ಇದ್ದವು. ಓಪನಿಂಗ್ ಇಲ್ಲದೆ ಟೂರ್ನಮೆಂಟ್‌ಗೆ ಹೋದ ಇಬ್ಬರು ಹದಿನೈದು ನಡೆಯೊಳಗೆ ಉರುಳಿದರು, ಎಂಡ್‌ಗೇಮ್ ತನಕ ಹೋಗುವುದೇ ಆಗಲಿಲ್ಲ. ಆಮೇಲೆ ಬಿಳಿಗೆ ಲಂಡನ್, ಕಪ್ಪಿಗೆ ಕಾರೋಕಾನ್ ಅನ್ನುವ ಓಪನಿಂಗ್ ಸೇರಿಸಿದೆ, ಎರಡೂ ಸೇರಿ ಐದಾರು ಕ್ಲಾಸ್. ಬೋರಿಂಗ್ ಅಂತಾರೆ, ಅನ್ನಲಿ. ಮಗು ಮೂವತ್ತನೇ ನಡೆಗೆ ಜೀವಂತವಾಗಿ ಬಂದರೆ ನನಗೆ ಸಾಕು. ಅವಸರ ತಡೆಯಲು, ಆಡುವ ಮೊದಲು ನಡೆ ಬರೆದುಕೊಳ್ಳುವ ಹಳೇ ಅಭ್ಯಾಸವನ್ನೂ ನೋಡೋಣ ಅಂತಿದ್ದೆ, ಆದರೆ ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಯ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ಬದಲಿಗೆ ಎರಡೂ ಕೈ ತೊಡೆ ಕೆಳಗೆ. ಮುಟ್ಟಿದ ಕಾಯಿಯನ್ನೇ ಆಡಬೇಕು ಅನ್ನುವ ಟಚ್ ಮೂವ್ ನಿಯಮದಿಂದ ಆಗುತ್ತಿದ್ದ ಸೋಲು ಅರ್ಧಕ್ಕರ್ಧ ಇಳಿಯಿತು.

ಈ ಬೇಸಿಗೆಯಲ್ಲಿ ಭದ್ರಾವತಿ ಕಡೆಯ ಒಂದು ಹುಡುಗಿಯನ್ನು ರೇಟೆಡ್ ಟೂರ್ನಮೆಂಟ್‌ಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆವು. ಎಂಟ್ರಿ ಎರಡು ಸಾವಿರ ಚಿಲ್ಲರೆ, ರೈಲು, ಲಾಡ್ಜ್, ಊಟ ಸೇರಿ ಎಂಟು ಒಂಬತ್ತು ಸಾವಿರ ಅವರಪ್ಪನಿಗೆ ಬಿತ್ತು. ಮೊದಲ ರೌಂಡುಗಳಲ್ಲಿ ಬರೀ ಸೋಲು. ಮೊದಲ ಟೂರ್ನಮೆಂಟಲ್ಲಿ ರೇಟೆಡ್ ಆಟಗಾರರ ಎದುರು ಸೊನ್ನೆ ಬಂದರೆ ಅದು ರೇಟಿಂಗ್ ಲೆಕ್ಕಕ್ಕೇ ಬರುವುದಿಲ್ಲ. ಕೊನೇ ಹಿಂದಿನ ರೌಂಡು, ಎದುರಿಗೆ ಅವರಪ್ಪನ ವಯಸ್ಸಿನವರು. ಒಂದು ಪಾನ್ ಜಾಸ್ತಿ ಇದ್ದ ಅವರು ಧೈರ್ಯವಾಗಿ ರೂಕ್ ಎಕ್ಸ್‌ಚೇಂಜ್ ಮಾಡಿದರು. ಅವರ ಕಿಂಗ್ ಇ5, ಪಾನ್ ಇ6. ಇವಳ ಕಿಂಗ್ ಇ7, ಇವಳದೇ ನಡೆ. ಕ್ಲಾಕ್‌ನಲ್ಲಿ ಒಂದು ನಿಮಿಷವೂ ಇಲ್ಲ, ಪ್ರತಿ ನಡೆಗೆ ಸೇರುವ ಮೂವತ್ತು ಸೆಕೆಂಡ್ ಇಂಕ್ರಿಮೆಂಟ್ ಮೇಲೆ ಬದುಕಿದ್ದಾಳೆ. ಡಿ8 ಅಥವಾ ಎಫ್8 ಆಡಿದರೆ ಕತೆ ಮುಗೀತು. ಅವಳು ಕೈ ಹೊರಗೆ ತೆಗೆದು ಕಿಂಗನ್ನು ನೆಟ್ಟಗೆ ಇ8ಕ್ಕೆ ಎಳೆದು, ಶೀಟ್‌ನಲ್ಲಿ ಬರೆದು, ಮತ್ತೆ ಕೈ ಒಳಗೆ ಇಟ್ಟಳು. ಅವರು ಕಿಂಗ್ ಡಿ6, ಇವಳು ಕಿಂಗ್ ಡಿ8, ಅವರು ಪಾನ್ ಇ7 ಚೆಕ್, ಇವಳು ಕಿಂಗ್ ಇ8. ಅವರು ಬೋರ್ಡನ್ನು ಸುಮಾರು ಹೊತ್ತು ನೋಡಿ ಡ್ರಾಗೆ ಕೈ ಚಾಚಿದರು.

ಆ ಅರ್ಧ ಪಾಯಿಂಟ್ ದಾಖಲಾಯಿತು. ಮುಂದಿನ ಟೂರ್ನಮೆಂಟ್‌ನಲ್ಲಿ ರೇಟಿಂಗ್‌ಗೆ ಬೇಕಾದ ಐದು ರೇಟೆಡ್ ಗೇಮ್ ಪೂರ್ತಿಯಾದವು. 1800 ರೇಟಿಂಗ್‌ನ ಇಬ್ಬರು ಕಾಲ್ಪನಿಕ ಆಟಗಾರರ ಎದುರು ಡ್ರಾ ಆದ ಹಾಗೆ ಲೆಕ್ಕ ಹಾಕುವ 2024ರ ಹೊಸ ನಿಯಮದ ಪುಣ್ಯದಿಂದ 1500ರ ಹತ್ತಿರದಲ್ಲೇ ಹೆಸರು ಬಂತು. ರೇಟಿಂಗ್‌ನ ಕೆಳಗಿನ ಮಿತಿ 1400ಕ್ಕೆ ಏರಿದ ಮೇಲೆ ಹಳ್ಳಿ ಮಕ್ಕಳಿಗೆ ರೇಟಿಂಗ್ ಕನಸು ಅಂದವರಿಗೆ ಈ ಲೆಕ್ಕ ತೋರಿಸಬೇಕು.

ನಕ್ಕಿದ್ದ ಕೋಚ್‌ಗಳಲ್ಲಿ ಒಬ್ಬರು ಮೊನ್ನೆ ಫೋನ್ ಮಾಡಿ ಶೀಟ್ ಕಳಿಸಿ ಅಂದರು. ಪಾನ್ ಗೇಮ್‌ನದು ಕಳಿಸಿದ್ದೇನೆ. ಖಾಲಿ ಪೊಸಿಷನ್‌ನದು ಕೇಳಿದರು, ಪ್ರಿಂಟರ್ ಕೆಟ್ಟಿದೆ ಅಂದೆ. ದಸರಾ ರಜೆಯಲ್ಲಿ ಹೊಸ ಬ್ಯಾಚ್, ಫೀಸ್ ಸಾವಿರ ಮಾಡಿದ್ದೇನೆ, ಕ್ವೀನ್ ಕೇಳುವವರು ಸಂಕ್ರಾಂತಿ ಆದ ಮೇಲೆ ಬನ್ನಿ.