ಪೇಟೆ ದೂರ, ಟ್ಯೂಬು ಹತ್ತಿರ: ಮಲೆನಾಡಿನ ಮನೆಯ ಮಳೆಗಾಲದ ರಿಪೇರಿ

ಮಲೆನಾಡಿನ ಯಾವ ಮನೆಯ ಕೊಟ್ಟಿಗೆ ಅಟ್ಟ ಹತ್ತಿದರೂ ಸಿಗುವ ಸಾಮಾನು ಹೆಚ್ಚುಕಮ್ಮಿ ಒಂದೇ. ಪಂಕ್ಚರ್ ಹಾಕಿ ಹಾಕಿ ಸೋತ ಬೈಕ್ ಟ್ಯೂಬು ನಾಲ್ಕು, ಗೊಬ್ಬರದ ಖಾಲಿ ಚೀಲದ ಕಟ್ಟು, ಮುಚ್ಚಳವಿಲ್ಲದ ಪೇಂಟ್ ಬಕೆಟ್, ಯಾವುದಕ್ಕೂ ಕೂರದ ಪೈಪಿನ ತುಂಡುಗಳು, ಹಿಡಿ ಇಲ್ಲದ ಕತ್ತಿ, ಕತ್ತಿ ಇಲ್ಲದ ಹಿಡಿ. ಬಿಸಾಡಲು ಹೊರಟರೆ ಮನೆಯ ಹಿರಿಯರು ಹೇಳುವ ಮಾತೂ ಒಂದೇ: "ಇರ್ಲಿ ಬಿಡು ಮಾರಾಯ, ಬೇಕಾಗ್ತದೆ."

ಬಯಲುಸೀಮೆಯಿಂದ ಬಂದ ನೆಂಟರು ಇದನ್ನು ಜಿಪುಣತನ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪುನರ್ವಸು ಮಳೆಯಲ್ಲಿ ನೀರಿನ ಪೈಪು ಕಳಚಿಕೊಂಡಾಗ ತೀರ್ಥಹಳ್ಳಿಯ ಹಾರ್ಡ್‌ವೇರ್ ಅಂಗಡಿಗೆ ಹೊರಟರೆ ಅರ್ಧ ದಾರಿಯಲ್ಲಿ ಮರ ಬಿದ್ದಿರುತ್ತದೆ. ಹಾಗಾಗಿ ಅಟ್ಟವೇ ಅಂಗಡಿ. ಅಲ್ಲಿನ ಸಾಮಾನು ಬಳಸುವ ಕ್ರಮ ಇಲ್ಲಿದೆ. ಮೃಗಶಿರಾ ಹಿಡಿಯುವ ಮುಂಚೆಯೇ ಓದಿಕೊಳ್ಳಿ, ಆಮೇಲೆ ನೆಟ್‌ವರ್ಕ್ ಇರುವುದಿಲ್ಲ.

ಟ್ಯೂಬು ಸುತ್ತುವುದು

ಎಲ್ಲಕ್ಕೂ ಮೂಲ ಇದು. ಬೈಕಿನ ಟ್ಯೂಬು ಉತ್ತಮ. ಸೈಕಲ್ಲಿನದು ತೆಳು, ಎಳೆದರೆ ತುಂಡಾಗುತ್ತದೆ. ಲಾರಿಯದು ದಪ್ಪ, ಬಗ್ಗುವುದಿಲ್ಲ, ಅದನ್ನು ಹಾಗೇ ಇಟ್ಟುಕೊಳ್ಳಿ, ಬೇಸಿಗೆಯಲ್ಲಿ ಮಕ್ಕಳು ಹೊಳೆಗೆ ಒಯ್ಯುತ್ತಾರೆ.

ವಾಲ್ವ್ ಇರುವ ಜಾಗ ಕತ್ತರಿಸಿ ತೆಗೆಯಿರಿ. ಉಳಿದದ್ದನ್ನು ಉದ್ದಕ್ಕೆ ಸೀಳಬೇಡಿ, ಹಾಗೆ ಸೀಳಿದರೆ ಗಿಡ್ಡ ಚೂರುಗಳಷ್ಟೇ ಸಿಕ್ಕಿ ಕೆಲಸ ಮುಗಿಯುತ್ತದೆ. ಒಂದು ತುದಿಯಿಂದ ಇಂಚಗಲ ಹಿಡಿದು, ಕಿತ್ತಳೆ ಸಿಪ್ಪೆಯನ್ನು ಒಂದೇ ಎಳೆಯಲ್ಲಿ ಸುಲಿದ ಹಾಗೆ ಸುತ್ತುಸುತ್ತಾಗಿ ಕತ್ತರಿಸುತ್ತಾ ಹೋಗಿ. ಒಂದು ಟ್ಯೂಬಿಗೆ ನಾಲ್ಕೈದು ಮಾರು ಪಟ್ಟಿ ಬರುತ್ತದೆ. ಒಳಗಿನ ಬಿಳಿ ಪೌಡರನ್ನು ಸೋಪು ಹಾಕಿ ತೊಳೆಯಲೇಬೇಕು. ಪೌಡರ್ ಇದ್ದರೆ ಸುತ್ತಿನ ಮೇಲೆ ಸುತ್ತು ಜಾರುತ್ತದೆ.

ಸೋರುವ ಪೈಪಿಗೆ ಸುತ್ತು ಶುರು ಮಾಡುವುದು ತೂತಿನ ಮೇಲಿಂದಲ್ಲ, ಒಂದು ಗೇಣು ಆಚೆಯಿಂದ. ಪಟ್ಟಿ ಎರಡರಷ್ಟು ಉದ್ದವಾಗುವ ಹಾಗೆ ಜಗ್ಗಿ, ಪ್ರತಿ ಸುತ್ತೂ ಹಿಂದಿನದರ ಅರ್ಧದ ಮೇಲೆ ಕೂರಬೇಕು. ತೂತು ದಾಟಿ ಮತ್ತೊಂದು ಗೇಣು ಹೋಗಿ, ಅದೇ ದಾರಿಯಲ್ಲಿ ಹಿಂದಕ್ಕೆ ಬನ್ನಿ. ಕೊನೆಯ ಸುತ್ತಿನಡಿ ತುದಿ ತೂರಿಸಿ ಎಳೆದರೆ ಗಂಟೇ ಬೇಡ. ಜೋರು ನೀರಿನ ಪೈಪಾದರೆ ಮೇಲೊಂದು ಬೈಂಡಿಂಗ್ ವೈರ್ ಬಿಗಿಯಿರಿ.

ಟ್ಯೂಬು ಸುತ್ತಿಯೂ ಸೋರಿದರೆ ತಪ್ಪು ಟ್ಯೂಬಿನದ್ದಲ್ಲ, ಜಗ್ಗದ ಕೈಯದ್ದು. ಎಂಸೀಲ್ ಒಳ್ಳೆಯದೇ, ಆದರೆ ಅದು ಒಣಗಿದ ಜಾಗ ಕೇಳುತ್ತದೆ. ಆಷಾಢದಲ್ಲಿ ಒಣಗಿದ ಜಾಗ ಎಲ್ಲಿಂದ ತರುವುದು? ಟ್ಯೂಬಿಗೆ ಒದ್ದೆಯಾದರೂ ಸೈ. ಗುದ್ದಲಿ ಹಿಡಿ ಸೀಳಿದ್ದು, ಕೊಡೆ ಕಡ್ಡಿ ಕಳಚಿದ್ದು, ಜೀಪಿನ ಟಾರ್ಪಾಲು ಬಿಗಿಯುವುದು, ಗೇಟಿನ ಬಾಗಿಲು ತಾನೇ ಮುಚ್ಚಿಕೊಳ್ಳುವ ಹಾಗೆ ಮಾಡುವುದು, ಎಲ್ಲಕ್ಕೂ ಇದೇ. ಬಳಸಬಾರದ ಕಡೆ ಮೂರು: ಕರೆಂಟಿನ ವೈರು, ಗ್ಯಾಸಿನ ಪೈಪು, ಡೀಸೆಲ್ ಹರಿಯುವ ಜಾಗ. ಮೊದಲಿನ ಎರಡರಲ್ಲಿ ಜೀವಕ್ಕೆ ಅಪಾಯ, ಮೂರನೆಯದರಲ್ಲಿ ರಬ್ಬರ್ ಉಬ್ಬಿ ಲೊಳಲೊಳ ಆಗುತ್ತದೆ.

ಈಚೆಗೆ ಬೈಕುಗಳಿಗೆಲ್ಲ ಟ್ಯೂಬ್‌ಲೆಸ್ ಟೈರು ಬರುತ್ತಿದೆ. ಪಂಕ್ಚರ್ ಕಮ್ಮಿಯಂತೆ. ಮಲೆನಾಡಿಗೆ ಅದರಿಂದ ಆಗುತ್ತಿರುವ ನಷ್ಟದ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ಗೊಬ್ಬರ ಚೀಲದ ಕೊಪ್ಪೆ

ಹಿಂದೆ ಮಳೆಗೆ ತಲೆ, ಬೆನ್ನು ಮುಚ್ಚಲು ಕಂಬಳಿ ಕೊಪ್ಪೆ ಇತ್ತು, ನಾಟಿ ಮಾಡುವ ಹೆಂಗಸರ ಬೆನ್ನಿಗೆ ಎಲೆ ಹೆಣೆದ ಗೊರಬು ಇತ್ತು. ಕಂಬಳಿ ಬೆಚ್ಚಗೆ, ಆದರೆ ನೆನೆದರೆ ಎಮ್ಮೆ ಕರುವನ್ನು ಹೊತ್ತ ಹಾಗೆ. ಈಗ ಚೀಲದ ಕಾಲ.

45 ಕೆ.ಜಿ. ಯೂರಿಯಾ ಚೀಲ ಗಿಡ್ಡ ಆಳಿಗೆ ಸಾಕು, ಎತ್ತರದವರಿಗೆ ಇನ್ನೂ ಉದ್ದದ ಚೀಲವೇ ಬೇಕು. ಎರಡು ನೀರಿನಲ್ಲಿ ತೊಳೆಯಿರಿ. ತೊಳೆಯದೆ ಹಾಕಿಕೊಂಡರೆ ಉಳಿದ ಗೊಬ್ಬರ ಬೆವರಿಗೆ ಕರಗಿ ಕುತ್ತಿಗೆ ಉರಿಯುತ್ತದೆ. ಚೀಲದ ಹೊಲಿಗೆ ಇರುವ ತಳ ಮೇಲೆ ಬರುವ ಹಾಗೆ ಹಿಡಿಯಿರಿ. ತಳದ ಒಂದು ಮೂಲೆಯನ್ನು ಮುಷ್ಟಿಯಿಂದ ಒಳಗೆ ತಳ್ಳಿ, ಎದುರು ಮೂಲೆಗೆ ಹೋಗಿ ಕೂರುವವರೆಗೆ. ಮೂಲೆಯೊಳಗೆ ಮೂಲೆ ಸೇರಿ ಎರಡು ಪದರದ ಟೊಪ್ಪಿಯಾಯಿತು, ಉಳಿದ ಚೀಲ ಬೆನ್ನ ಮೇಲೆ ಸೊಂಟದವರೆಗೆ ಇಳಿಯಿತು. ಅಷ್ಟೇ. ಕತ್ತರಿ ಬೇಡ, ಸೂಜಿ ಬೇಡ.

ಹೊಸಬರು ಮಾಡುವ ತಪ್ಪು, ಚೀಲದ ಬಾಯಿಯನ್ನೇ ತಲೆಗೆ ಹಾಕಿಕೊಂಡು ಕಣ್ಣಿಗೆ ತೂತು ಕೊರೆಯುವುದು. ಹಾಗೆ ತೋಟಕ್ಕೆ ಇಳಿದರೆ ಮೊದಲು ಓಡುವುದು ನಿಮ್ಮದೇ ನಾಯಿ.

ರೇನ್‌ಕೋಟಿಗಿಂತ ಇದು ಮೇಲು ಯಾಕೆಂದರೆ ಮುಂದುಗಡೆ ಗಾಳಿಯಾಡುತ್ತದೆ, ಬೆವರಿ ಒಳಗಿಂದಲೇ ನೆನೆಯುವ ಗ್ರಹಚಾರ ಇಲ್ಲ. ಮುಳ್ಳಿಗೆ ಸಿಕ್ಕಿ ಹರಿದರೆ ಅಟ್ಟದಲ್ಲಿ ಇನ್ನೊಂದಿದೆ. ಕೊಡೆಯ ಹಾಗೆ ಒಂದು ಕೈಯನ್ನು ಕಟ್ಟಿಹಾಕುವುದಿಲ್ಲ. ಒಂದೇ ಎಚ್ಚರ: ಬಿಸಿಲಲ್ಲಿ ಒಣಹಾಕಿ ಮರೆಯಬೇಡಿ. ಬಿಸಿಲು ತಿಂದ ಚೀಲ ಮುಟ್ಟಿದರೆ ಬಿಳಿ ಪುಡಿ ಉದುರಿಸುತ್ತದೆ, ಮುಂದಿನ ಮಳೆಗೆ ಜರಡಿ.

ಅಬ್ಬಿ ನೀರು ಮನೆಗೆ ತರುವುದು

ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ತಾನೇ ಇಳಿದು ಬರುವುದು ಮಲೆನಾಡಿನ ದೊಡ್ಡ ಸುಖ. ಮೋಟಾರಿಲ್ಲ, ಬಿಲ್ಲಿಲ್ಲ. ಆದರೆ ವಾರಕ್ಕೊಮ್ಮೆ ನಿಲ್ಲುತ್ತದೆ, ನಿಲ್ಲುವುದು ಸರಿಯಾಗಿ ಯಾರಾದರೂ ಮೈಗೆ ಸೋಪು ಹಚ್ಚಿಕೊಂಡಾಗ.

ಮೊದಲು ಬುಡ. ಹಳೇ 20 ಲೀಟರ್ ಪೇಂಟ್ ಬಕೆಟ್ಟಿನ ಮೇಲರ್ಧಕ್ಕೆ ಕಾಯಿಸಿದ ಮೊಳೆಯಿಂದ ಸುತ್ತ ತೂತು ಮಾಡಿ. ಪೈಪು ಹೊರಡುವ ತೂತು ತಳದಿಂದ ಮೂರು ಇಂಚು ಮೇಲಿರಲಿ, ಮಣ್ಣು ಕೆಳಗೆ ಕೂರಲು ಅಷ್ಟು ಜಾಗ ಬೇಕು. ಒಳಗೆ ಮುಷ್ಟಿಗಾತ್ರದ ಕಲ್ಲು ತುಂಬಿ, ಪೈಪಿನ ಬಾಯಿಗೆ ಹಳೇ ಬನಿಯನ್ ಬೇಡ, ಎರಡು ದಿನಕ್ಕೆ ಪಾಚಿ ಕಟ್ಟುತ್ತದೆ. ಸಣ್ಣ ತೂತು ಕೊರೆದ ನೀರಿನ ಬಾಟಲಿ ಸಿಕ್ಕಿಸಿ. ಪೈಪಿನ ಬಾಯಿ ಯಾವಾಗಲೂ ಅರ್ಧ ಅಡಿ ನೀರಿನೊಳಗೆ ಮುಳುಗಿರಲಿ, ಇಲ್ಲದಿದ್ದರೆ ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಬಕೆಟ್ಟನ್ನು ಬೈಂಡಿಂಗ್ ವೈರಿನಿಂದ ಮರದ ಬುಡಕ್ಕೆ ಕಟ್ಟಿ. ಕಲ್ಲಿಗೆ ಕಟ್ಟಬೇಡಿ. ದೊಡ್ಡ ಮಳೆಯ ಹಳ್ಳದಲ್ಲಿ ಕಲ್ಲೂ ಹೋಗುತ್ತದೆ, ಬಕೆಟ್ಟೂ ಹೋಗುತ್ತದೆ, ಕೆಳಗಿನ ಮನೆಯವರ ಅಟ್ಟಕ್ಕೆ ಒಂದು ಸಾಮಾನು ಜಾಸ್ತಿಯಾಗುತ್ತದೆ.

ಒಂದಿಂಚಿನ ಕಪ್ಪು ಪೈಪು ಸಾಕು. ಜೋಡಿಸುವಾಗ ತುದಿಯನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಮೆತ್ತಗಾದ ಕೂಡಲೇ ಜಾಯಿಂಟಿಗೆ ತುರುಕಿ. ಒಣ ಸೋಗೆಗೆ ಬೆಂಕಿ ಹಚ್ಚಿ ಕಾಯಿಸುವವರೂ ಇದ್ದಾರೆ, ಅದರಲ್ಲಿ ಒಂದು ಕಡೆ ಸುಕ್ಕಾಗಿ ಆ ಸುಕ್ಕಿನಲ್ಲೇ ಸೋರುತ್ತದೆ. ಮೇಲೆ ಟ್ಯೂಬು, ಹೇಗೂ ಇದೆಯಲ್ಲ. ಪೈಪನ್ನು ಮರದಿಂದ ಮರಕ್ಕೆ ಬಿಗಿಯಾಗಿ ಎಳೆಯಬೇಡಿ. ಹಗಲು ಬಿಸಿಲಿಗೆ ಉದ್ದವಾಗಿ ರಾತ್ರಿ ಚಳಿಗೆ ಕುಗ್ಗುವಾಗ ಜಾಯಿಂಟೇ ಬಿಟ್ಟುಕೊಳ್ಳುತ್ತದೆ.

ಇನ್ನು ನೀರು ನಿಲ್ಲುವ ವಿಷಯ. ಕಾರಣ ಎರಡೇ, ಗಾಳಿ ಅಥವಾ ಕಸ.

ಪೈಪು ದಿಬ್ಬ ಹತ್ತಿ ಇಳಿಯುವ ಕಡೆ ಗಾಳಿ ಸೇರಿ ಕೂರುತ್ತದೆ. ದಿಬ್ಬದ ನೆತ್ತಿಯಲ್ಲಿ ಪೈಪಿಗೆ ಸಣ್ಣ ಮೊಳೆಯಿಂದ ತೂತು ಮಾಡಿ. ಬುಸ್ಸೆಂದು ಗಾಳಿ ಹೋಗಿ, ಆಮೇಲೆ ನೀರು ಚಿಮ್ಮುತ್ತದೆ. ಆಗ ಅಡಿಕೆ ಮರ ಸೀಳಿದ ದಬ್ಬೆಯ ಚೂಪು ಚಕ್ಕೆ ಹೊಡೆದು ಮುಚ್ಚಿ. ಮುಂದಿನ ಸಲ ಚಕ್ಕೆ ತೆಗೆದರಾಯಿತು, ಅದೇ ನಿಮ್ಮ ಏರ್‌ವಾಲ್ವ್. ಆದರೆ ಆ ದಿಬ್ಬ ಒರತೆಗಿಂತಲೂ ಎತ್ತರದಲ್ಲಿದ್ದರೆ ತೂತು ಮಾಡಲೇಬೇಡಿ. ಅಲ್ಲಿ ಪೈಪು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಇದ್ದ ನೀರೂ ನಿಲ್ಲುತ್ತದೆ. ಅಂಥ ಕಡೆ ಪೈಪನ್ನು ದಿಬ್ಬದ ಪಕ್ಕದಿಂದ ಬಳಸಿ ತರುವುದೇ ದಾರಿ. ಕೆಳಗಿನ ತುದಿಗೆ ಬಾಯಿಟ್ಟು ಎಳೆದು ನೀರು ಬರಿಸುವ ಶೂರರು ಪ್ರತಿ ಊರಿನಲ್ಲೂ ಒಬ್ಬರಿದ್ದಾರೆ. ಗೊದಮೊಟ್ಟೆಯ ರುಚಿ ಕೇಳುವುದಿದ್ದರೆ ಅವರನ್ನೇ ಕೇಳಿ.

ಕಸವಾದರೆ, ಅಂದರೆ ಎಲೆ, ಮಣ್ಣು ಅಥವಾ ಒಳಗೆ ಮನೆ ಮಾಡಿದ ಏಡಿ, ಎಲ್ಲ ಜಾಯಿಂಟನ್ನೂ ಬಿಚ್ಚುತ್ತಾ ಹೋಗಬೇಡಿ. 300 ಮೀಟರ್ ಪೈಪಿದ್ದರೆ ಮೊದಲು ನಡುಮಧ್ಯದ ಜಾಯಿಂಟು ಬಿಚ್ಚಿ. ನೀರು ಬಂತೆಂದರೆ ಕಟ್ಟಿಕೊಂಡಿರುವುದು ಅದರ ಕೆಳಗೆ, ಬರದಿದ್ದರೆ ಮೇಲೆ. ಆ ಅರ್ಧದ ಮಧ್ಯ ಮತ್ತೆ ಬಿಚ್ಚಿ. ಮೂರು ಸಲ ಬಿಚ್ಚುವುದರೊಳಗೆ 40 ಮೀಟರ್ ಒಳಗೆ ಸಿಕ್ಕಿಬೀಳುತ್ತದೆ. ಅಷ್ಟರಲ್ಲೂ ಪೈಪು ತಗ್ಗಿಗೆ ಇಳಿದು ಹತ್ತುವ ಜಾಗವನ್ನೇ ಮೊದಲು ತಟ್ಟಿ ನೋಡಿ, ಮಣ್ಣು ಕೂರುವುದು ಅಲ್ಲೇ. ಮೊದಲ ಮಳೆಯ ನೀರು ಕೆಂಪಾಗಿ ಬರುತ್ತದೆ, ಆ ಎರಡು ದಿನ ಪೈಪನ್ನು ಬಕೆಟ್ಟಿನಿಂದ ತೆಗೆದಿಡಿ. ಕುಡಿಯುವ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿ.

ಉಂಬಳ

ಉಂಬಳ ಅಂದರೆ ನೆಲದ ಜಿಗಣೆ. ಗದ್ದೆ ಅಂಚಿಗೆ ಹೋಗುವವರ ಕೈಯಲ್ಲಿ ಉಪ್ಪಿನ ಗಂಟಿರಲಿ: ಎರಡು ಮುಷ್ಟಿ ಕಲ್ಲುಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಮೊಳದುದ್ದದ ಕೋಲಿನ ತುದಿಗೆ ಬಿಗಿಯುವುದು. ಚಪ್ಪಲಿ, ಪ್ಯಾಂಟು ಹತ್ತುತ್ತಿರುವ ಉಂಬಳಕ್ಕೆ ಮುಟ್ಟಿಸಿದರೆ ಸಾಕು, ಸುರುಟಿ ಬೀಳುತ್ತದೆ. ಆಗಲೇ ಕಚ್ಚಿ ಕೂತಿದ್ದರೆ ಉಪ್ಪು ಬೇಡ, ಬೀಡಿ ಬೆಂಕಿಯೂ ಬೇಡ, ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕುತ್ತದೆ. ಅದರ ಸಪೂರ ತುದಿಯಡಿ ಉಗುರು ತೂರಿಸಿ ಬದಿಗೆ ಜಾರಿಸಿ, ಆಮೇಲೆ ದಪ್ಪ ತುದಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಜೊಲ್ಲಿನಲ್ಲಿದೆ, ಹಾಗಾಗಿ ಗಂಟೆಗಟ್ಟಲೆ ಒಸರುತ್ತದೆ. ತೊಳೆದು ಸ್ವಚ್ಛ ಬಟ್ಟೆ ಒತ್ತಿ ಕಟ್ಟಿ. ಬೆಂಗಳೂರಿನಿಂದ ಬಂದವರು ಕಿರುಚುವುದು ಕಚ್ಚಿದಾಗ ಅಲ್ಲ, ರಾತ್ರಿ ಊಟಕ್ಕೆ ಕೂತು ಸಾಕ್ಸ್ ನೋಡಿಕೊಂಡಾಗ.

ಔಷಧಿ ಅಂಗಿ

ಮಲೆನಾಡಿಗರನ್ನು ಸಂತೆಯಲ್ಲಿ ಗುರುತಿಸಲು ಅಂಗಿಯ ಮೇಲಿನ ನೀಲಿ ಚುಕ್ಕೆ ಸಾಕು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅದು. 1 ಕೆ.ಜಿ. ಮೈಲುತುತ್ತ (ಕಾಪರ್ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲೇ. ಕಬ್ಬಿಣದ್ದಾದರೆ ತುತ್ತ ಅದನ್ನು ತಿನ್ನುತ್ತದೆ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಸಿ, ತಿರುಗುಮುರುಗು ಮಾಡಬೇಡಿ. ಉಜ್ಜಿದ ಕತ್ತಿಯ ಅಲಗನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಕಟ್ಟಿದರೆ ಇನ್ನಷ್ಟು ಸುಣ್ಣ ಬೇಕು, ಇಲ್ಲದಿದ್ದರೆ ಕಾಯಿ ಸುಡುತ್ತದೆ. ಅವತ್ತು ಕಲಸಿದ್ದು ಅವತ್ತೇ ಮುಗಿಯಬೇಕು. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನಕ್ಕೆ ಇನ್ನೊಂದು ಸಲ. ಇದಕ್ಕೆಂದು ಒಂದೇ ಹಳೇ ಅಂಗಿ ಇಟ್ಟುಕೊಳ್ಳಿ. ಮದುವೆ ಅಂಗಿಗೆ ಬಿದ್ದ ಚುಕ್ಕೆ ಮಕ್ಕಳ ಮದುವೆಗೂ ಹೋಗುವುದಿಲ್ಲ.

ಮಂಗ

2019ರಲ್ಲಿ ತೀರ್ಥಹಳ್ಳಿ ತಾಲೂಕಿನ ರೈತರೊಬ್ಬರು ಮಂಗ ಓಡಿಸಲು ಸಾಕುನಾಯಿಗೆ ತಲೆಗೂದಲಿನ ಕಪ್ಪು ಬಣ್ಣದಲ್ಲಿ ಹುಲಿಪಟ್ಟೆ ಬಳಿದು ತೋಟದಲ್ಲಿ ತಿರುಗಾಡಿಸಿದ್ದು ದೇಶವೆಲ್ಲ ಸುದ್ದಿಯಾಯಿತು. ಜನ ನಕ್ಕರು, ಆದರೆ ಉಪಾಯ ಹುಸಿಯಲ್ಲ. ಮಾಡುವುದಿದ್ದರೆ ನಾಯಿ ಕಂದು ಬಣ್ಣದ್ದಿರಲಿ, ಕಣ್ಣು ಮೂಗಿನ ಹತ್ತಿರ ಬಣ್ಣ ಬೇಡ, ಗೋಡೆಗೆ ಬಳಿಯುವ ಪೇಂಟಂತೂ ಬೇಡವೇ ಬೇಡ. ಬೆಳಿಗ್ಗೆ ಸಂಜೆ ಎರಡು ಹೊತ್ತು ಮಾತ್ರ ಕಾಣಿಸಬೇಕು. ಸದಾ ಅಲ್ಲೇ ಬಿದ್ದುಕೊಂಡಿರುವ ಹುಲಿಗೆ ಯಾವ ಮಂಗ ಹೆದರುತ್ತದೆ? ಕೆಟ್ಟುಹೋಗುವುದು ಹುಲಿ ಬೊಗಳಿದಾಗ.

ದಾರಿ ಕೇಳುವುದು

ಇಷ್ಟಾದರೂ ಪೇಟೆಯಿಂದ ಯಾವುದಾದರೂ ಸಾಮಾನು ತರಿಸಲೇಬೇಕಾದರೆ, ತರುವವರಿಗೆ ದೂರದ ಲೆಕ್ಕ ಮೊದಲೇ ಹೇಳಿಡಿ. "ಇಲ್ಲೇ" ಎಂದರೆ ಒಂದು ಕಿಲೋಮೀಟರ್. "ಇಲ್ಲೇ ಹತ್ರ" ಎಂದರೆ ಒಂದು ಹಳ್ಳ ದಾಟಿ ಮೂರು. "ಸ್ವಲ್ಪ ಮುಂದೆ" ಎಂದರೆ ಪೆಟ್ರೋಲ್ ನೋಡಿಕೊಳ್ಳುವುದು ಒಳ್ಳೆಯದು. "ದೊಡ್ಡ ಹಲಸಿನ ಮರದ ಹತ್ರ ಎಡಕ್ಕೆ" ಎಂದವರನ್ನು ಆ ಮರ ಈಗಲೂ ಇದೆಯಾ ಎಂದು ಕೇಳಲೇಬೇಕು. ಬಿದ್ದು ಹತ್ತು ವರ್ಷವಾಗಿದ್ದರೂ ಊರಿನವರಿಗೆ ಅದು ಅಲ್ಲೇ ನಿಂತಿರುತ್ತದೆ.

ಮಳೆ ಬಿಟ್ಟ ಮೇಲೆ

ಚೌತಿ ಕಳೆದು ಬಿಸಿಲು ಬಂದಾಗ ಸುತ್ತಿದ ಟ್ಯೂಬನ್ನೆಲ್ಲ ಬಿಚ್ಚಿ ನೋಡಿ. ಎಳೆದಾಗ ಸಣ್ಣ ಬಿರುಕು ಕಾಣಿಸಿದರೆ ಅದು ಗೇಟಿಗೆ, ಬಿರುಕಿಲ್ಲದ್ದು ಮುಂದಿನ ವರ್ಷದ ಪೈಪಿಗೆ. ನೆರಳಲ್ಲಿ ಒಣಗಿಸಿ, ಮುಖದ ಪೌಡರ್ ಉದುರಿಸಿ, ಸುರುಳಿ ಸುತ್ತಿ ಮರದ ಗೂಟಕ್ಕೆ ನೇತುಹಾಕಿ. ಮೈಲುತುತ್ತದ ಚೀಲದ ಪಕ್ಕ ಬೇಡ, ತಾಮ್ರ ತಾಗಿದ ರಬ್ಬರ್ ಬೇಗ ಸಾಯುತ್ತದೆ. ಒಳ್ಳೆಯ ಸುರುಳಿಯ ಮೇಲೆ ಬಿರುಕು ಬಿಟ್ಟದ್ದನ್ನು ತೂಗಿಡಿ. ಪಕ್ಕದ ಮನೆಯವರು ಕೇಳಲು ಬಂದೇ ಬರುತ್ತಾರೆ, ಅವರ ಬೈಕಿಗೆ ಟ್ಯೂಬ್‌ಲೆಸ್ ಟೈರು.