ಒಲೆ ಊದುವುದೇ ಬೇರೆ, ಇಲ್ಲಿ ಊದುವುದೇ ಬೇರೆ

ಚಿಕ್ಕಬಳ್ಳಾಪುರದಲ್ಲಿ ನಾನು ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರು ಅಳೆಯುವ ಪರೀಕ್ಷೆಯ ಟೆಕ್ನಿಷಿಯನ್. ಬರುವವರ ಬಾಯಲ್ಲಿ ಅದು 'ಊದೋ ಟೆಸ್ಟ್'. ಕ್ರಷರ್‌ನಲ್ಲಿ ದುಡಿಯುವವರು, ಶಿಡ್ಲಘಟ್ಟದ ಕಡೆಯ ರೇಷ್ಮೆ ನೂಲು ಬಿಚ್ಚುವವರು, ಸೌದೆ ಒಲೆಯ ಹೊಗೆ ಕುಡಿದ ಅಜ್ಜಿಯರು, ಬೀಡಿ ಬಿಡದ ತಾತಂದಿರು. ಎಲ್ಲರದ್ದೂ ಒಂದೇ ಮಾತು: ದಮ್ಮು.

ಈ ಮೆಷಿನ್ ಕಾಯಿಲೆ ಹುಡುಕುವುದಿಲ್ಲ. ಊದಿದ್ದನ್ನು ಬರೆದುಕೊಳ್ಳುತ್ತದೆ, ಅಷ್ಟೆ. ಅರೆಮನಸ್ಸಿನಿಂದ ಊದಿದರೆ ಒಳ್ಳೆಯ ಶ್ವಾಸಕೋಶವೂ ಕಾಯಿಲೆಯದ್ದರಂತೆ ಕಾಣುತ್ತದೆ. ಹಾಗಾಗಿ ಸರಿಯಾಗಿ ಊದಿಸುವುದೇ ನನ್ನ ನಿಜವಾದ ಕೆಲಸ.

ಬೆಳಿಗ್ಗೆ 3 ಲೀಟರ್ ಸಿರಿಂಜ್‌ನಿಂದ ಗಾಳಿ ತಳ್ಳಿ ಮೆಷಿನ್ ಪರೀಕ್ಷಿಸುತ್ತೇನೆ. ಶೇ. 3ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಯಾರನ್ನೂ ಕೂರಿಸುವುದಿಲ್ಲ. ಆಮೇಲೆ ಚಪ್ಪಲಿ ಬಿಡಿಸಿ ಎತ್ತರ ಅಳೆಯುತ್ತೇನೆ. ಉಸಿರಿಗೂ ಎತ್ತರಕ್ಕೂ ನಂಟಿದೆ ಎಂದು 1846ರಲ್ಲೇ ಜಾನ್ ಹಚಿನ್ಸನ್ ಎಂಬ ಇಂಗ್ಲಿಷ್ ವೈದ್ಯರು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಊದಿಸಿ ತೋರಿಸಿದ್ದರು. ಬೆನ್ನು ಬಾಗಿದವರಾದರೆ ಎತ್ತರದ ಬದಲು ಎರಡೂ ಕೈ ಚಾಚಿಸಿ, ಈ ನಡುಬೆರಳ ತುದಿಯಿಂದ ಆ ನಡುಬೆರಳ ತುದಿಗೆ ಟೇಪು ಹಿಡಿಯುತ್ತೇನೆ.

ಸುಮ್ನೆ ಕೂತಾಗ ನಾವು ಒಂದು ಸಲಕ್ಕೆ ಎಳೆದು ಬಿಡುವುದು ಅರ್ಧ ಲೀಟರ್ ಗಾಳಿ. ಶ್ವಾಸಕೋಶಕ್ಕೆ ತಾನಾಗಿ ಎಳೆದುಕೊಳ್ಳುವ ಶಕ್ತಿ ಇಲ್ಲ. ಅದರ ಕೆಳಗಿರುವ ವಪೆ ಎಂಬ ಸ್ನಾಯು ಕೆಳಗಿಳಿಯುತ್ತದೆ, ಪಕ್ಕೆಲುಬು ಮೇಲೇಳುತ್ತದೆ, ಎದೆಗೂಡು ಹಿಗ್ಗುತ್ತದೆ. ಒಳಗೆ ಒತ್ತಡ ತಗ್ಗಿದಾಗ ಹೊರಗಿನ ಗಾಳಿ ನುಗ್ಗುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಹೊಟ್ಟೆ ಮೇಲೆ ಅವರದೇ ಕೈ ಇಡಿಸಿ ಉಸಿರೆಳೆಸುತ್ತೇನೆ. ಕೈ ಮುಂದೆ ಬಂದಾಗ ಅರ್ಥವಾಗುತ್ತದೆ.

ಅಜ್ಜಿಯರದ್ದು ಒಂದು ವಿಶೇಷ. ಎಷ್ಟೋ ವರ್ಷ ಊದುಕೊಳವೆ ಹಿಡಿದ ಬಾಯಿ ಅಲ್ವಾ? ಪೈಪು ಕೊಟ್ಟ ತಕ್ಷಣ ಕೆನ್ನೆ ಉಬ್ಬಿಸಿ, ಬೂದಿ ಹಾರದ ಹಾಗೆ, ಹದವಾಗಿ ಊದುತ್ತಾರೆ. ಗ್ರಾಫಿನಲ್ಲಿ ಚೂಪಾಗಿ ಏಳಬೇಕಾದ ಗೆರೆ ಮೊಂಡಾಗಿ ನಿಲ್ಲುತ್ತದೆ. "ಅಜ್ಜಿ, ಒಲೆ ಊದೋ ಹಾಗಲ್ಲ. ಬೂದಿಯೆಲ್ಲ ಹಾರಿ ಹೋಗ್ಲಿ!" ಎಂದು ನಾನೇ ಒಂದು ಪೈಪು ಹಿಡಿದು ಊದಿ ತೋರಿಸುತ್ತೇನೆ. ನಾಚಿಕೆಯಿಂದ ಸೆರಗು ಬಾಯಿಗೆ ತರುವವರೂ ಇದ್ದಾರೆ. ಆಗ ಜೊತೆಗೆ ಬಂದ ಮಗನನ್ನು, ಅಳಿಯನನ್ನು ಆಚೆ ಕಳಿಸುತ್ತೇನೆ. ಊದುವ ಜೋರು ತಾನಾಗಿ ಬದಲಾಗುತ್ತದೆ.

ಮೂಗಿಗೆ ಕ್ಲಿಪ್, ತುಟಿ ಗಟ್ಟಿ. ಎದೆ ತುಂಬ ಎಳೆದು, ತಡಮಾಡದೆ ಒಂದೇ ರಭಸಕ್ಕೆ ಊದಬೇಕು. ಆಮೇಲೂ "ಇನ್ನೂ, ಇನ್ನೂ, ಬಿಡಬೇಡಿ" ಎನ್ನುತ್ತಲೇ ಇರುತ್ತೇನೆ. ತೆಲುಗಿನವರಿಗೆ ತೆಲುಗಲ್ಲಿ. ಆರೋಗ್ಯವಂತರಲ್ಲಿ ಮುಕ್ಕಾಲು ಪಾಲಿನಷ್ಟು ಗಾಳಿ ಮೊದಲ ಸೆಕೆಂಡಿನಲ್ಲೇ ಹೊರಗೆ ಬರುತ್ತದೆ. ಶ್ವಾಸಕೋಶದೊಳಗಿನ ಗಾಳಿ ಕೊಳವೆಗಳು ಕಿರಿದಾದವರಲ್ಲಿ ಅದು ತೊಟ್ಟಿಕ್ಕಿದಂತೆ ಬರುತ್ತಲೇ ಇರುತ್ತದೆ. ಮೊದಲ ಸೆಕೆಂಡಿನ ಪಾಲು ಶೇ. 70ಕ್ಕಿಂತ ಕಡಿಮೆ ಇದ್ದರೆ ಡಾಕ್ಟರು ಗಮನವಿಟ್ಟು ನೋಡುತ್ತಾರೆ. ಆ ಕೊಳವೆಗಳನ್ನು ಹಿಗ್ಗಿಸುವ ಸಾಲ್ಬುಟಮಾಲ್ ಔಷಧಿಯ ಪಫ್ ಕೊಟ್ಟು, 15 ನಿಮಿಷ ಕೂರಿಸಿ, ಮತ್ತೆ ಊದಿಸುತ್ತೇವೆ.

ಮೂರು ಒಳ್ಳೆಯ ಊದು ಬೇಕು. ಅವುಗಳಲ್ಲಿ ಅತಿ ಹೆಚ್ಚಿನ ಎರಡರ ನಡುವೆ 150 ಮಿಲಿಲೀಟರ್‌ಗಿಂತ ಜಾಸ್ತಿ ಅಂತರ ಇರಬಾರದು. ಎಂಟು ಸಲವಾದರೂ ಬರದಿದ್ದರೆ ನಿಲ್ಲಿಸುತ್ತೇನೆ. ಸುಸ್ತಾದವರನ್ನು ಹಿಂಡಿ ಪಡೆದ ಅಂಕಿಯನ್ನು ನಾನು ನಂಬುವುದಿಲ್ಲ.

"ಎಲ್ಲಾ ಗಾಳಿ ಖಾಲಿ ಆಯ್ತು ಸಾರ್" ಎನ್ನುತ್ತಾರೆ. ಆಗಿರುವುದಿಲ್ಲ. ಎಷ್ಟೇ ಊದಿದರೂ ದೊಡ್ಡವರಲ್ಲಿ ಸುಮಾರು 1.2 ಲೀಟರ್ ಒಳಗೇ ಉಳಿಯುತ್ತದೆ. ಆಚೆಗೇ ಬಾರದ ಗಾಳಿಯನ್ನು ನನ್ನ ಮೆಷಿನ್ ಹೇಗೆ ಅಳೆದೀತು? ಅದಕ್ಕೆ ಹೀಲಿಯಂ ಬೆರೆಸಿ ಉಸಿರಾಡಿಸುವ ವಿಧಾನವೋ, ಗಾಜಿನ ಪೆಟ್ಟಿಗೆಯಂಥ ಕೋಣೆಯೊಳಗೆ ಕೂರಿಸುವ ಪರೀಕ್ಷೆಯೋ ಬೇಕು.

ಟೆಸ್ಟಿಗೆ ಹೋಗುವವರು ಹೊಟ್ಟೆ ಬಿರಿಯ ಮುದ್ದೆ ಉಂಡು ಹೋಗಬೇಡಿ. ಈಚೆಗೆ ಕಣ್ಣಿನ ಆಪರೇಷನ್ ಅಥವಾ ಹೃದಯಾಘಾತ ಆಗಿದ್ದರೆ ಮೊದಲೇ ಹೇಳಿ. ಕಟ್ಟಿಸಿದ ಹಲ್ಲು ಗಟ್ಟಿಯಾಗಿ ಕೂತಿದ್ದರೆ ತೆಗೆಯಬೇಡಿ, ತುಟಿ ಬಿಗಿಯಾಗಿ ಮುಚ್ಚಲು ಅದು ಬೇಕು.