ಸ್ವಯಂಸೇವಕರಿಗೆ ತರಬೇತಿ ಏರ್ಪಡಿಸುವುದು ಹೇಗೆ? ಮೊದಲು ಶಾಲು, ಹಾರ ಪಕ್ಕಕ್ಕಿಡಿ

ದೀಪ ಹಚ್ಚುವುದು, ಶಾಲು, ಮೂರು ಭಾಷಣ, ಚಿತ್ರಾನ್ನ, ಪ್ರಮಾಣಪತ್ರ. ಚಿಕ್ಕಬಳ್ಳಾಪುರದ ಸುತ್ತಮುತ್ತ ನಾನು ನೋಡಿದ ಪ್ರಥಮ ಚಿಕಿತ್ಸೆ ತರಬೇತಿಗಳು ಹೆಚ್ಚಾಗಿ ಹೀಗೇ ಮುಗಿದಿವೆ. ಮನೆಗೆ ಹೋದವರಿಗೆ ಚಿತ್ರಾನ್ನ ನೆನಪಿರುತ್ತದೆ, ಬೇರೇನೂ ಇಲ್ಲ. ಈಗ ಒಂದು ಟ್ರಸ್ಟಿಗೆ ಸಂಬಳವಿಲ್ಲದ ತರಬೇತಿ ಸಂಯೋಜಕನಾಗಿ ಈ ಕೆಲಸ ನನ್ನ ತಲೆಗೇ ಬಂದಿದೆ.

ಮೊದಲು ದಿನ ಗೊತ್ತು ಮಾಡಿ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಹಣ್ಣಾಗುವ ಹೊತ್ತಿಗೆ ತರಬೇತಿ ಇಟ್ಟರೆ ಬರುವುದು ನೀವು ಮತ್ತು ಮೈಕಿನವರು ಮಾತ್ರ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಡಲು ಮನೆಮಂದಿಯೆಲ್ಲ ಬೇಕು. ಹಾಗಾಗಿ ಎರಡು ದಿನ ಹೇಳಿ, ಒಂದನ್ನು ಅವರೇ ಆರಿಸಲಿ. ಶಿವರಾತ್ರಿಯ ನಂದಿ ಜಾತ್ರೆಯ ವಾರ ಬೇಡವೇ ಬೇಡ.

ಜಾಗ, ಟೀ, ಚಾಪೆ: ಹಿಂದಿನ ದಿನವೇ ನೋಡಿಕೊಳ್ಳಿ.

ಇನ್ನು ಎಲ್ಲರೂ ಎಡವುವ ಜಾಗ, ಕೈಯಲ್ಲಿ ಮಾಡಿಸುವುದು. 30 ಜನ, ಎದೆ ಒತ್ತುವುದನ್ನು ಕಲಿಯುವ ಬೊಂಬೆ ಒಂದು, ಒಂದು ಗಂಟೆ ಅಂದರೆ ತಲೆಗೆ 2 ನಿಮಿಷ. ಕೂತು ಏಳುವುದಕ್ಕೇ ಅದರಲ್ಲಿ ಅರ್ಧ ಹೋಗುತ್ತದೆ. ಒಂದು ಬೊಂಬೆಗೆ 6 ಜನ, ಅದಕ್ಕಿಂತ ಜಾಸ್ತಿ ಬೇಡ. ಬೊಂಬೆ ಎರಡೇ ಇದ್ದರೆ 12 ಜನರನ್ನೇ ಕರೆಯಿರಿ. ಅಧ್ಯಕ್ಷರು "ಇಷ್ಟೇನಾ?" ಅಂದರೆ ಅನ್ನಲಿ.

ಕರೆದರೂ ಮಿಸುಕದ, ಸರಿಯಾಗಿ ಉಸಿರಾಡದ ಮನುಷ್ಯ ಕಂಡರೆ 108ಕ್ಕೆ ಫೋನ್ ಮಾಡಿಸಿ ಎದೆ ಒತ್ತಲು ಶುರು ಮಾಡಬೇಕು. ಎದೆಯ ನಡುವೆ ಅಂಗೈ ಬುಡ, ಅದರ ಮೇಲೆ ಇನ್ನೊಂದು ಕೈ. 5 ಸೆಂಟಿಮೀಟರಾದರೂ ಒಳಗೆ ಹೋಗಬೇಕು, 6 ದಾಟಬಾರದು. ನಿಮಿಷಕ್ಕೆ 100ರಿಂದ 120 ಸಲ. ಹೇಳಲು ಅರ್ಧ ನಿಮಿಷ ಸಾಕು. ಮಾಡಿಸಿ ನೋಡಿ, ಒಂದು ನಿಮಿಷಕ್ಕೇ ಮೊಣಕೈ ಮಡಚುತ್ತದೆ, ಕೈ ಬರೀ ತಟ್ಟಲು ಶುರುವಾಗುತ್ತದೆ. ಎದೆ ಪೂರ್ತಿ ಮೇಲೆ ಬರಲು ಬಿಡುವುದನ್ನಂತೂ ಮರೆತೇಬಿಡುತ್ತಾರೆ. ಅದಕ್ಕೇ ಪ್ರತಿಯೊಬ್ಬರಿಂದ ಪೂರ್ತಿ 2 ನಿಮಿಷ ಒತ್ತಿಸಿ, ಆಮೇಲೆ ಇನ್ನೊಬ್ಬರನ್ನು ಕೂರಿಸಿ. ನಿಜವಾದ ಹೊತ್ತಿನಲ್ಲೂ ಒತ್ತುವವರನ್ನು ಬದಲಿಸುವುದು ಹೀಗೇ.

ನೀವು ಮುಂದೆ ನಿಲ್ಲಬೇಡಿ, ಹಿಂದೆ ನಿಂತು ಯಾರು ತಪ್ಪಿಸಿಕೊಳ್ಳುತ್ತಿದ್ದಾರೆ ನೋಡಿ. ಸೀರೆಯಲ್ಲಿ ಗಂಡಸರ ಮುಂದೆ ಮಂಡಿಯೂರಲು ಸಂಕೋಚ ಇರುತ್ತದೆ ಅಲ್ವಾ? ಪಕ್ಕದ ಕೋಣೆ ಕೊಡಿ. ದಿನಾ ಮುದ್ದೆ ತಿರುವುವ ಕೈಗಳು ಕಾಲೇಜು ಹುಡುಗರಿಗಿಂತ ಚೆನ್ನಾಗಿ ಒತ್ತುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಗಾಳಿ ತುಂಬುವ ಅಗ್ಗದ ಬೊಂಬೆ ಕೊಳ್ಳಬೇಡಿ. ಒತ್ತಿದರೆ ಬಲೂನಿನ ಹಾಗೆ ಪಕ್ಕಕ್ಕೆ ಜಾರುತ್ತದೆ. ಸರಿಯಾದ ಆಳಕ್ಕೆ ಹೋದಾಗ "ಟಕ್" ಅನ್ನುವುದನ್ನೇ ಎರವಲಾದರೂ ತನ್ನಿ. ದಿಂಬಿನ ಮೇಲೆ ಲಯ ಕಲಿಯಬಹುದು, ಆಳ ಗೊತ್ತಾಗಲ್ಲ. ಬದುಕಿರುವವರ ಎದೆ ಮೇಲೆ ಮಾತ್ರ ಅಭ್ಯಾಸ ಬೇಡ. ವಾಟ್ಸಾಪ್‌ನಲ್ಲಿ ವಿಡಿಯೊ ಕಳಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಸುಮ್ನೆ ಡೇಟಾ ದಂಡ.

ಹಾವು ಕಡಿತಕ್ಕೆ ನಾಟಕ ಆಡಿಸಿ. ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಕಡಿದ ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯಬೇಕು: ಇದು ಎಲ್ಲರಿಗೂ ಬಾಯಿಪಾಠ. ಆದರೆ "ಮೊದಲು ಮಂತ್ರ ಹಾಕಿಸೋಣ" ಎನ್ನುವ ಅಜ್ಜನನ್ನು ಒಪ್ಪಿಸುವುದು ಹೇಗೆ? ಒಬ್ಬರು ಅಜ್ಜನಾಗಲಿ, ಹಟ ಹಿಡಿಯಲಿ. ಬಾಗೇಪಲ್ಲಿ ಕಡೆಯಾದರೆ ಈ ಜಗಳ ತೆಲುಗಿನಲ್ಲೇ ನಡೆಯಲಿ. ಕನ್ನಡದಲ್ಲಿ ಕಲಿತು ತೆಲುಗಿನಲ್ಲಿ ತಡವರಿಸಿದರೆ ಏನು ಬಂತು?

"ಹೈವೇಲಿ ಬಿದ್ದವರನ್ನ ಎತ್ತಿದ್ರೆ ಕೇಸು ನಮ್ಮ ಮೇಲೆ ಬರಲ್ವಾ?" ರಾಷ್ಟ್ರೀಯ ಹೆದ್ದಾರಿ 44 ಹಾದುಹೋಗುವ ಜಿಲ್ಲೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಸೆಕ್ಷನ್ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ ಅಂತ ಹೇಳಿ. ಹೆಸರು, ವಿಳಾಸ ಕೊಡಲೇಬೇಕೆಂಬ ಬಲವಂತವೂ ಇಲ್ಲ.

ಪ್ರಮಾಣಪತ್ರ ಅಂದೇ ಹಂಚಬೇಡಿ. ಮೂರು ತಿಂಗಳಾದ ಮೇಲೆ ಒಂದು ಗಂಟೆ ಮತ್ತೆ ಕರೆದು, ಒತ್ತಿ ತೋರಿಸಿದವರಿಗೆ ಕೊಡಿ. ಅಲ್ಲಿಯವರೆಗೆ ಬೊಂಬೆ ಯಾರ ಬಳಿ ಇದೆ ಅಂತ ಬರೆದಿಟ್ಟುಕೊಳ್ಳಿ. ನಮ್ಮದು ಒಮ್ಮೆ ಎರಡು ವಾರ ನಾಪತ್ತೆಯಾಗಿತ್ತು. ಕೊನೆಗೆ ಯಾರದೋ ಹುಳು ಮನೆಯ ಅಟ್ಟದ ಮೇಲೆ ಹಾಯಾಗಿ ಮಲಗಿತ್ತು.